ಎಂಜಿನ್ ಬಂದ ಮೇಲೂ ಗಾಡಿ ಯಾಕೆ ಹೊರಡಲಿಲ್ಲ?

ಕೊಡಗನೂರು ಬಿಟ್ಟು ತೋಳಹುಣಸೆ ಕಡೆ ಹೊರಟಿದ್ದ ಬೆಳಗಿನ ಪ್ಯಾಸೆಂಜರ್ ಗಾಡಿ ಮೆಕ್ಕೆಜೋಳದ ಹೊಲಗಳ ನಡುವೆ ವೇಗ ಕಳೆದುಕೊಳ್ಳುತ್ತಾ ಬಂದು ನಿಂತುಬಿಟ್ಟಿತು. ಸಿಗ್ನಲ್ ಇರಬೇಕು ಅಂದುಕೊಂಡೆವು. ಹತ್ತು ನಿಮಿಷ ಆಯ್ತು, ಇಪ್ಪತ್ತಾಯ್ತು. ತಲೆ ಮೇಲಿನ ಫ್ಯಾನು ತಿರುಗುತ್ತಲೇ ಇತ್ತು, ಗಾಡಿ ಮಾತ್ರ ಅಲ್ಲಾಡಲಿಲ್ಲ. ಯೂನಿವರ್ಸಿಟಿಗೆ ಹೊರಟಿದ್ದ ಹುಡುಗರು ಬಾಗಿಲಿಂದ ತಲೆ ಹಾಕಿ ಮುಂದೆ ನೋಡಿದರು. “ಎಂಜಿನ್ ಫೇಲ್ ಅಂತೆ” ಅನ್ನೋ ಸುದ್ದಿ ಬೋಗಿಯಿಂದ ಬೋಗಿಗೆ ದಾಟಿ ನಮ್ಮ ತನಕ ಬಂತು.

ಒಂದು ಗಂಟೆಯ ಮೇಲೆ ದಾವಣಗೆರೆ ಕಡೆಯಿಂದ ಇನ್ನೊಂದು ಎಂಜಿನ್ ಬಂತು. ಎಲ್ಲರೂ ಬ್ಯಾಗು ಹೆಗಲಿಗೇರಿಸಿಕೊಂಡರು. ಒಂದು ಸಣ್ಣ ಕುಲುಕಾಟ ಆಯ್ತು. ಆಮೇಲೆ ಮತ್ತೆ ಏನೂ ಇಲ್ಲ. ಎದುರು ಸೀಟಿನಲ್ಲಿ ಆಸ್ಪತ್ರೆ ಚೀಟಿ ಹಿಡಿದು ಕೂತಿದ್ದ ಅಜ್ಜಿ ನನ್ನನ್ನು ಕೇಳಿದರು: “ಇಂಜಿನ್ ಬಂದೈತಲ್ಲಪ್ಪ, ಇನ್ನೂ ಯಾಕೆ ಬಿಡ್ತಿಲ್ಲ?”

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಪ್ರಶ್ನೆ ತಲೆಯಲ್ಲಿ ಕೂತಿತು. ನಮ್ಮ ದೊಡ್ಡಪ್ಪ ರೈಲಿನಲ್ಲಿ ಗಾರ್ಡ್ ಆಗಿದ್ದು ರಿಟೈರ್ ಆದವರು. ಅವರ ಮನೆಗೆ ಹೋದಾಗ ಕೇಳಿದೆ. “ಎಳೆಯೋಕೆ ಏನು ಮಹಾ? ಎಳೆದ ಮೇಲೆ ನಿಲ್ಲಿಸೋಕೆ ಆಗುತ್ತೆ ಅಂತ ಖಾತ್ರಿ ಆಗ್ಬೇಕಲ್ಲಪ್ಪ” ಅಂದರು. ಅಲ್ಲಿಂದ ಶುರುವಾದ ಮಾತು ಮಧ್ಯಾಹ್ನದ ಊಟ ದಾಟಿ ಹೋಯಿತು. ಅಜ್ಜಿಗೆ ಅವತ್ತು ಹೇಳಬೇಕಾಗಿದ್ದದ್ದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ಕೆಸರಲ್ಲಿ ಹೂತ ಚಕ್ಕಡಿಗೆ ಇನ್ನೊಂದು ಜೊತೆ ಎತ್ತು ಕಟ್ಟಿ ಎಳೆಯುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಕಷ್ಟವೆಲ್ಲ ಎಳೆಯುವುದರಲ್ಲೇ ಇರುತ್ತದೆ. ರೈಲಿನ ಕಥೆ ಹಾಗಲ್ಲ. ಹನ್ನೆರಡು ಬೋಗಿಯ ಒಂದು ಪ್ಯಾಸೆಂಜರ್ ಗಾಡಿ, ಬೋಗಿಗೆ 40 ಟನ್ನಿನಷ್ಟು ಅಂತ ಹಿಡಿದರೂ, ಐನೂರು ಟನ್ ಹತ್ತಿರ ಬರುತ್ತದೆ. ಅದರ ಮೇಲೆ ಕೆಟ್ಟು ನಿಂತ ಎಂಜಿನ್ನಿನ ತೂಕವೇ ನೂರಿಪ್ಪತ್ತು ಟನ್ ಆಸುಪಾಸು. ಕೇಳಲು ಜಾಸ್ತಿ ಅನಿಸುತ್ತೆ ಅಲ್ವಾ? ಆದರೆ ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ತುಂಬಾ ಸಲೀಸಾಗಿ ಉರುಳುತ್ತದೆ. ಸಾವಿರಾರು ಟನ್ ಅದಿರು ಎಳೆಯುವ ಗೂಡ್ಸ್ ಎಂಜಿನ್‌ಗೆ ಇದು ಭಾರವೇ ಅಲ್ಲ. ಸಲೀಸಾಗಿ ಉರುಳುತ್ತದೆ ಅನ್ನುವುದೇ ರೈಲಿನ ದೊಡ್ಡ ಅನುಕೂಲ, ಅದೇ ದೊಡ್ಡ ಅಪಾಯ. ಒಂದು ಗಂಟೆಯ ಕಾಯುವಿಕೆಯೆಲ್ಲ ಇದರ ಸುತ್ತಲೇ ಇದೆ.

ಗಾಡಿ ನಿಂತ ಕೂಡಲೇ ಲೋಕೊ ಪೈಲಟ್, ಅಂದರೆ ಎಂಜಿನ್ ಓಡಿಸುವವರು, ಕೈಕಟ್ಟಿ ಕೂರುವುದಿಲ್ಲ. ಎಂಜಿನ್ನಿನಲ್ಲಿ ಯಾವ ದೋಷಕ್ಕೆ ಏನು ಮಾಡಬೇಕು ಅಂತ ಬರೆದ ಕೈಪಿಡಿ ಇರುತ್ತದೆ. ಅವರೂ ಅಸಿಸ್ಟೆಂಟ್ ಲೋಕೊ ಪೈಲಟ್ಟೂ ಸೇರಿ ಒಂದೊಂದಾಗಿ ಪ್ರಯತ್ನ ಮಾಡುತ್ತಾರೆ. ಕೆಟ್ಟ ಭಾಗವನ್ನು ಬದಿಗಿಟ್ಟು ಉಳಿದದ್ದರಲ್ಲಿ ಕುಂಟುತ್ತಾ ಮುಂದಿನ ಸ್ಟೇಷನ್ ಮುಟ್ಟಬಹುದಾ ಅಂತ ನೋಡುತ್ತಾರೆ. ಆಗಲ್ಲ ಅಂತ ಗೊತ್ತಾದ ಮೇಲೆ ಗಾರ್ಡ್‌ಗೆ, ಸ್ಟೇಷನ್ ಮಾಸ್ಟರಿಗೆ, ಗಾಡಿಗಳ ಓಡಾಟ ನೋಡಿಕೊಳ್ಳುವ ಕಂಟ್ರೋಲ್ ಆಫೀಸಿಗೆ ಸುದ್ದಿ ಹೋಗುತ್ತದೆ: ಎಂಜಿನ್ ಫೇಲ್, ರಿಲೀಫ್ ಎಂಜಿನ್ ಬೇಕು. ಗಾರ್ಡ್ ಹುದ್ದೆಯ ಹೆಸರು 2022ರಿಂದ ಟ್ರೇನ್ ಮ್ಯಾನೇಜರ್ ಅಂತ ಬದಲಾಗಿದೆ. ದೊಡ್ಡಪ್ಪನ ಬಾಯಲ್ಲಿ ಮಾತ್ರ ಇನ್ನೂ ಗಾರ್ಡೇ. ನಾನೂ ಹಾಗೇ ಬರೆಯುತ್ತೇನೆ.

ಸಹಾಯ ಕೇಳಿದ ಆ ಕ್ಷಣದಿಂದ ಒಂದು ಕಟ್ಟುನಿಟ್ಟಿನ ನಿಯಮ ಜಾರಿಗೆ ಬರುತ್ತದೆ. ಗಾಡಿ ಇದ್ದ ಜಾಗದಿಂದ ಕದಲುವಂತಿಲ್ಲ. ಐದು ನಿಮಿಷದ ನಂತರ ಎಂಜಿನ್ ತಾನಾಗಿ ಸರಿಹೋದರೂ ಹೊರಡುವಂತಿಲ್ಲ. ಸುಮ್ನೆ ಹಟ ಅನಿಸಬಹುದು. ಆದರೆ ಯೋಚನೆ ಮಾಡಿ, ಆ ಹೊತ್ತಿಗೆ ಎದುರಿನಿಂದ ಇನ್ನೊಂದು ಎಂಜಿನ್ ಇದೇ ಹಳಿಯ ಮೇಲೆ ಹೊರಟಿರಬಹುದು. “ಗಾಡಿ ಇಂಥಾ ಕಿಲೋಮೀಟರಿನಲ್ಲಿ ನಿಂತಿದೆ” ಅನ್ನೋ ಒಂದೇ ಮಾತನ್ನು ನಂಬಿ ಅದು ಬರುತ್ತಿರುತ್ತದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿಗೆ “ನಿಂತಲ್ಲೇ ನಿಲ್ಲು, ನಾನು ಬರ್ತೀನಿ” ಅಂತ ಹೇಳಿಕೊಟ್ಟಿರುತ್ತೇವಲ್ಲ, ಅದೇ ಇದು.

ಆ ಜಾಗ ಯಾವುದು ಅಂತ ಹೇಳುವುದು ಹೇಗೆ? ಹಳಿಯ ಪಕ್ಕ ಕರೆಂಟ್ ತಂತಿ ಹೊತ್ತ ಕಂಬಗಳ ಮೇಲೆ ಎರಡು ಸಂಖ್ಯೆ ಬರೆದಿರುತ್ತಾರೆ. ಮೇಲಿನದು ಕಿಲೋಮೀಟರು, ಕೆಳಗಿನದು ಆ ಕಿಲೋಮೀಟರಿನೊಳಗೆ ಆ ಕಂಬದ ಕ್ರಮಸಂಖ್ಯೆ. ಬಯಲಿನ ನಡುವೆ ಅದೇ ಗಾಡಿಯ ವಿಳಾಸ. ಕಿಟಕಿಯಿಂದ ನಾವೂ ಓದಬಹುದು. ಅಕಸ್ಮಾತ್ ಬೋಗಿಯಲ್ಲಿ ಯಾರಿಗಾದರೂ ಹುಷಾರು ತಪ್ಪಿ 139ಕ್ಕೆ ಫೋನ್ ಮಾಡಬೇಕಾಗಿ ಬಂದರೆ ಗಾಡಿ ನಂಬರಿನ ಜೊತೆ ಈ ಸಂಖ್ಯೆಯನ್ನೂ ಹೇಳಿ. ತುಂಬಾ ಉಪಯೋಗಕ್ಕೆ ಬರುತ್ತದೆ.

ಇನ್ನು ಗಾರ್ಡ್ ಕೆಲಸ. ಇದನ್ನು ಹೇಳುವಾಗ ದೊಡ್ಡಪ್ಪ ಎದ್ದು ನಿಂತು ಕೈಯಲ್ಲಿ ತೋರಿಸಿದರು. ಅಂಗೈ ಅಗಲದ ಒಂದು ಚಪ್ಪಟೆ ಡಬ್ಬಿ, ಅದಕ್ಕೆ ಎರಡು ಕಡೆ ತಗಡಿನ ಪಟ್ಟಿ. ಹೆಸರು ಡೆಟೊನೇಟರ್, ರೈಲಿನವರ ಮಾತಲ್ಲಿ ಪಟಾಕಿ. ಹಳಿಯ ಮೇಲಿಟ್ಟು ಪಟ್ಟಿಯನ್ನು ಎರಡೂ ಕಡೆ ಬಗ್ಗಿಸಿ ಬಿಗಿ ಮಾಡುತ್ತಾರೆ. ಮೇಲೆ ಚಕ್ರ ಹತ್ತಿದರೆ ಸಾಕು, ಎಂಜಿನ್ ಸದ್ದನ್ನೂ ಮೀರಿ ಢಂ ಅನ್ನುತ್ತದೆ. ಮಂಜಿರಲಿ, ಮಳೆಯಿರಲಿ, ಕತ್ತಲಿರಲಿ, ಬರುತ್ತಿರುವ ಲೋಕೊ ಪೈಲಟ್‌ಗೆ ನಿಲ್ಲಿಸು ಅಂತ ಗೊತ್ತಾಗುತ್ತದೆ. ನಮ್ಮ ಬ್ರಾಡ್‌ಗೇಜ್ ಮಾರ್ಗದಲ್ಲಿ ನಿಂತ ಗಾಡಿಯಿಂದ 600 ಮೀಟರಿಗೆ ಒಂದು ಪಟಾಕಿ ಇಡಬೇಕು. 1,200 ಮೀಟರಿಗೆ ಮೂರು ಇಡಬೇಕು, ಒಂದರಿಂದ ಒಂದಕ್ಕೆ 10 ಮೀಟರ್ ಅಂತರದಲ್ಲಿ. ಗಾರ್ಡ್ ಜಲ್ಲಿಕಲ್ಲಿನ ಮೇಲೆ ಒಂದು ಕಿಲೋಮೀಟರಿಗೂ ಜಾಸ್ತಿ ದೂರ ನಡೆದೇ ಹೋಗಬೇಕು. ಕೈಯಲ್ಲಿ ಹಗಲಾದರೆ ಕೆಂಪು ಬಾವುಟ, ರಾತ್ರಿಯಾದರೆ ದೀಪ. “ಓಡಿದ್ರೆ ಕಾಲು ಉಳುಕುತ್ತೆ, ನಡೆದ್ರೆ ಮನಸ್ಸು ಓಡುತ್ತೆ” ಅಂದರು ದೊಡ್ಡಪ್ಪ. ನಾವು ಬೋಗಿಯಲ್ಲಿ ಕೂತು “ಯಾರೂ ಏನೂ ಮಾಡ್ತಿಲ್ಲ” ಅಂತ ಗೊಣಗುವ ಹೊತ್ತಿನಲ್ಲಿ ಹಿಂದೆ ಒಬ್ಬರು ಹೀಗೆ ನಡೆಯುತ್ತಿರುತ್ತಾರೆ. ಸಹಾಯ ಮುಂದಿನಿಂದ ಬರುವುದಾದರೆ ಆ ಕಡೆಗೂ ಇದೇ ರೀತಿ ರಕ್ಷಣೆ ಇಡಬೇಕು. ಪಕ್ಕದ ಹಳಿಯಲ್ಲಿ ಬರುವವರಿಗೆ ಎಚ್ಚರಿಕೆ ಕೊಡಲು ಎಂಜಿನ್ನಿನ ಹಳದಿ ಫ್ಲ್ಯಾಶರ್ ದೀಪವನ್ನೂ ಮಿನುಗಿಸುತ್ತಾರೆ.

ಅತ್ತ ಕಂಟ್ರೋಲ್ ಆಫೀಸಿನಲ್ಲಿ ಎಂಜಿನ್ ಹುಡುಕಾಟ ನಡೆದಿರುತ್ತದೆ. ಪ್ರತಿ ಸ್ಟೇಷನ್ನಿನಲ್ಲೂ ಸುಮ್ಮನೆ ನಿಂತ ಎಂಜಿನ್ ಇರುವುದಿಲ್ಲ. ಸಾಮಾನ್ಯವಾಗಿ ಹತ್ತಿರದ ಸ್ಟೇಷನ್ನಿನ ಲೂಪ್ ಲೈನಿನಲ್ಲಿ, ಅಂದರೆ ಮುಖ್ಯ ಹಳಿಯ ಪಕ್ಕದ ಹಳಿಯಲ್ಲಿ, ನಿಂತಿರುವ ಗೂಡ್ಸ್ ಗಾಡಿಯ ಎಂಜಿನ್ನನ್ನೇ ಬಿಚ್ಚಿ ಕಳಿಸುತ್ತಾರೆ. ಬಿಚ್ಚುವ ಮುಂಚೆ ಆ ಗೂಡ್ಸ್ ಉರುಳದ ಹಾಗೆ ಹ್ಯಾಂಡ್‌ಬ್ರೇಕ್ ಬಿಗಿದು ಚಕ್ರಕ್ಕೆ ವೆಜ್, ಅಂದರೆ ಬೆಣೆ, ಕೊಡಬೇಕು. ಅದಕ್ಕೂ ಸಮಯ ಬೇಕು. ಎಂಥಾ ಎಂಜಿನ್ ಅನ್ನುವುದೂ ಮುಖ್ಯ. ನಮ್ಮ ಮಾರ್ಗದಲ್ಲಿ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಕರೆಂಟ್ ಹರಿಯುತ್ತದೆ. ತೊಂದರೆ ಎಂಜಿನ್ನಿನದಾದರೆ ಇನ್ನೊಂದು ಎಲೆಕ್ಟ್ರಿಕ್ ಎಂಜಿನ್ ಸಾಕು. ತಂತಿಯೇ ಹರಿದಿದ್ದರೆ ಡೀಸೆಲ್ ಎಂಜಿನ್ನೇ ಬರಬೇಕು. ಇನ್ನೊಂದು ವಿಚಿತ್ರ ಸಂದರ್ಭವೂ ಇದೆ. ಒಂದು ಸಬ್‌ಸ್ಟೇಷನ್ನಿನ ಕರೆಂಟ್ ಮುಗಿದು ಇನ್ನೊಂದರದ್ದು ಶುರುವಾಗುವ ಕಡೆ, ಎರಡೂ ಒಂದಕ್ಕೊಂದು ತಾಕದ ಹಾಗೆ, ತಂತಿಯಲ್ಲಿ ಕರೆಂಟೇ ಇಲ್ಲದ ಚಿಕ್ಕ ತುಂಡು ಇರುತ್ತದೆ. ಅದಕ್ಕೆ ನ್ಯೂಟ್ರಲ್ ಸೆಕ್ಷನ್ ಅಂತ ಹೆಸರು. ಗಾಡಿ ಬಂದ ವೇಗದಲ್ಲೇ ಅದನ್ನು ದಾಟಿಬಿಡಬೇಕು. ಸರಿಯಾಗಿ ಅದರ ಕೆಳಗೇ ನಿಂತರೆ ಏನೂ ಕೆಡದ ಎಂಜಿನ್ನಿಗೂ ಇನ್ನೊಬ್ಬರ ಸಹಾಯ ಬೇಕು.

ಎಂಜಿನ್ ಸಿಕ್ಕಿತು ಅಂದುಕೊಳ್ಳಿ. ಅದು ಸೀದಾ ಹೊರಟು ಬರಬಹುದಾ? ಇಲ್ಲ. ಎರಡು ಸ್ಟೇಷನ್ ನಡುವಿನ ಹಳಿಗೆ ಬ್ಲಾಕ್ ಸೆಕ್ಷನ್ ಅನ್ನುತ್ತಾರೆ. ಅದರೊಳಗೆ ಒಂದು ಸಲಕ್ಕೆ ಒಂದೇ ಗಾಡಿ ಇರಬೇಕು. ರೈಲಿನ ಸುರಕ್ಷತೆ ನಿಂತಿರುವುದೇ ಈ ಮಾತಿನ ಮೇಲೆ. ಒಳಗೆ ಗಾಡಿ ಇರುವ ತನಕ ಇನ್ನೊಂದಕ್ಕೆ ಹಸಿರು ತೋರಿಸಲು ಸಿಗ್ನಲ್ ಒಪ್ಪುವುದಿಲ್ಲ. ಸ್ಟೇಷನ್ ಮಾಸ್ಟರ್ ಮನಸ್ಸು ಮಾಡಿದರೂ ಯಂತ್ರ ಬಿಡುವುದಿಲ್ಲ. ರಿಲೀಫ್ ಎಂಜಿನ್ ಅಂದರೆ ಅದೇ ಸೆಕ್ಷನ್ನಿಗೆ ಬೇಕಂತಲೇ ಕಳಿಸುವ ಎರಡನೇ ಗಾಡಿ. ಯಂತ್ರ ಒಪ್ಪದ ಕೆಲಸವನ್ನು ಮನುಷ್ಯರು ಹೊಣೆ ಹೊತ್ತು ಮಾಡಬೇಕು. ಅದಕ್ಕೆಂದೇ ಟಿ/ಎ 602 ಅನ್ನುವ ಒಂದು ಫಾರಂ ಇದೆ. ಕೆಟ್ಟ ಗಾಡಿ ಯಾವ ಕಿಲೋಮೀಟರಿನಲ್ಲಿ ನಿಂತಿದೆ ಅಂತ ಬರೆದು, ಸಹಿ ಮಾಡಿ, ಸ್ಟೇಷನ್ ಮಾಸ್ಟರ್ ರಿಲೀಫ್ ಎಂಜಿನ್ನಿನ ಲೋಕೊ ಪೈಲಟ್ ಕೈಗೆ ಕೊಡುತ್ತಾರೆ. ಆ ಕಾಗದ ಕೈಗೆ ಬರದೆ ಎಂಜಿನ್ ಸ್ಟೇಷನ್ ದಾಟುವುದಿಲ್ಲ. ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ನಿಧಾನವಾಗಿ ಬಂದು, ಪಟಾಕಿ ಸದ್ದಿಗೆ ನಿಂತು, ಅಲ್ಲಿಂದ ಕೈ ಸಿಗ್ನಲ್ ನೋಡಿಕೊಂಡು ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬರುತ್ತದೆ.

ಅಜ್ಜಿ ಕಂಡ ಎಂಜಿನ್ ಹೀಗೆ ಬಂದದ್ದು. ಕೊಂಡಿ ಸೇರಿದಾಗ ನಮಗೆ ಗೊತ್ತಾದದ್ದೇ ಆ ಸಣ್ಣ ಕುಲುಕಾಟ. ಈಗ ಅವರ ಪ್ರಶ್ನೆಗೆ ಬರೋಣ.

ರೈಲಿನ ಬ್ರೇಕ್ ಗಾಳಿಯಿಂದ ನಡೆಯುತ್ತದೆ. ಎಂಜಿನ್ನಿನಿಂದ ಕೊನೆಯ ಬೋಗಿ ತನಕ ಒಂದೇ ಪೈಪು ಹೋಗಿರುತ್ತದೆ, ಬೋಗಿಗಳ ನಡುವೆ ರಬ್ಬರ್ ಹೋಸ್. ಇದು ಬ್ರೇಕ್ ಪೈಪ್, ಗುರುತಿಗೆ ಹಸಿರು ಬಣ್ಣ. ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡ ಇರುತ್ತದೆ, ಕಾರಿನ ಟೈರಿನ ಎರಡು ಪಟ್ಟು. ಪಕ್ಕದಲ್ಲಿ ಬಿಳಿ ಬಣ್ಣದ ಫೀಡ್ ಪೈಪ್, ಅದರಲ್ಲಿ 6 ಕೆಜಿ. ಪ್ರತಿ ಬೋಗಿಯ ಹೊಟ್ಟೆಯ ಕೆಳಗೆ ಗಾಳಿಯ ಟ್ಯಾಂಕು ಇದೆ. ಹಸಿರು ಪೈಪಿನಲ್ಲಿ ಒತ್ತಡ ಪೂರ್ತಿ ಇರುವಾಗ ಬ್ರೇಕ್ ಬಿಟ್ಟಿರುತ್ತದೆ. ಒತ್ತಡ ಇಳಿದರೆ ಟ್ಯಾಂಕಿನ ಗಾಳಿ ನುಗ್ಗಿ ಬ್ರೇಕ್ ಹಿಡಿಯುತ್ತದೆ. ಗಾಳಿ ಕೊಟ್ಟರೆ ಬ್ರೇಕ್ ಹಿಡಿಯಬೇಕಲ್ವಾ, ಇದೇನು ಉಲ್ಟಾ ಅನಿಸಬಹುದು. ಇಡೀ ಜಾಣತನ ಇರುವುದೇ ಅಲ್ಲಿ. ಪೈಪು ಒಡೆದರೂ, ಕೊಂಡಿ ಕಳಚಿ ಗಾಡಿ ಎರಡು ತುಂಡಾದರೂ, ಗಾಳಿ ಸೋರಿಹೋಗಿ ಎರಡೂ ತುಂಡು ತಾವಾಗಿಯೇ ನಿಲ್ಲುತ್ತವೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1872ರಲ್ಲಿ ರೂಪಿಸಿದ ಉಪಾಯ ಇದು.

ಇದು ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಒಂದು ಘಟನೆ ಹೇಳಲೇಬೇಕು. 1889ರ ಜೂನ್ 12, ಐರ್ಲೆಂಡಿನ ಆರ್ಮಾ ಊರು. ಮಕ್ಕಳು, ಅಪ್ಪ ಅಮ್ಮಂದಿರು ತುಂಬಿದ್ದ ಪ್ರವಾಸದ ಗಾಡಿಯೊಂದು ಏರಿನಲ್ಲಿ ಸೋತು ನಿಂತಿತು. ಭಾರ ಕಡಿಮೆ ಮಾಡೋಣ ಅಂತ ಗಾಡಿಯನ್ನು ಎರಡು ಭಾಗ ಮಾಡಿದರು. ಅವತ್ತಿನ ಬ್ರೇಕು ಎಂಜಿನ್ನಿಗೆ ಜೋಡಿಸಿದ್ದಾಗ ಮಾತ್ರ ಕೆಲಸ ಮಾಡುವಂಥದ್ದು, ಬಿಚ್ಚಿದರೆ ಸತ್ತಹಾಗೆ. ಹಿಂದಿನ ಬೋಗಿಗಳನ್ನು ಒಂದು ಹ್ಯಾಂಡ್‌ಬ್ರೇಕಿನ ಮೇಲೆ, ಚಕ್ರದ ಕೆಳಗಿಟ್ಟ ಕಲ್ಲುಗಳ ಮೇಲೆ ನಂಬಿ ಬಿಟ್ಟರು. ಮುಂದಿನ ಭಾಗ ಹೊರಡುವಾಗ ಒಂಚೂರು ಹಿಂದೆ ಸರಿದು ತಗುಲಿತು. ಕಲ್ಲು ಪುಡಿಯಾಯ್ತು. ಬೋಗಿಗಳು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಅದೇ ಹಳಿಯಲ್ಲಿ ಹಿಂದೆ ಬರುತ್ತಿದ್ದ ಗಾಡಿಗೆ ಅಪ್ಪಳಿಸಿದವು. ಸುಮಾರು 80 ಜನ ಸತ್ತರು. ಅವರಲ್ಲಿ ತುಂಬಾ ಮಕ್ಕಳು. ಮೊದಲ ಗಾಡಿ ಮುಂದಿನ ಸ್ಟೇಷನ್ ಮುಟ್ಟಿತಾ ಅಂತ ನೋಡದೆ, ಇಷ್ಟು ನಿಮಿಷ ಆಯ್ತು ಅನ್ನೋ ಲೆಕ್ಕದ ಮೇಲೆ ಎರಡನೆಯದನ್ನು ಬಿಟ್ಟಿದ್ದರು. ಅದೇ ವರ್ಷ ಅಲ್ಲಿ ಕಾನೂನು ಬಂತು: ಪ್ರಯಾಣಿಕರ ಗಾಡಿಗೆ ತಾನಾಗಿ ಹಿಡಿಯುವ ಬ್ರೇಕ್ ಕಡ್ಡಾಯ, ಬ್ಲಾಕ್ ಪದ್ಧತಿ ಕಡ್ಡಾಯ. ಇದನ್ನು ತಿಳಿದ ಮೇಲೆ ಆ ಫಾರಂ, ಆ ಪಟಾಕಿ, ಆ ಕಾಯುವಿಕೆ ಯಾವುದೂ ನನಗೆ ಕಿರಿಕಿರಿ ಅನಿಸಿಲ್ಲ.

ಹಾಗಂತ ಈ ಗಾಳಿ ಬ್ರೇಕಿಗೂ ಒಂದು ಮಿತಿ ಇದೆ. ದೊಡ್ಡ ಲಾರಿಗಳಲ್ಲಿ ಗಾಳಿ ಖಾಲಿಯಾದರೆ ಸ್ಪ್ರಿಂಗ್ ಹಿಡಿದು ಚಕ್ರ ಲಾಕ್ ಆಗುತ್ತೆ, ಹೈವೇ ಪಕ್ಕದ ನಮ್ಮೂರಿನವರಿಗೆ ಇದು ಗೊತ್ತಿರುತ್ತೆ. ರೈಲಿನ ಬೋಗಿಯಲ್ಲಿ ಬ್ರೇಕನ್ನು ಹಿಡಿದಿರುವುದು ಟ್ಯಾಂಕಿನ ಗಾಳಿಯೇ. ತುಂಬಾ ಹೊತ್ತು ನಿಂತರೆ ಅದು ಮೆಲ್ಲಗೆ ಸೋರುತ್ತದೆ, ಬ್ರೇಕ್ ಸಡಿಲವಾಗುತ್ತದೆ. ಜೀವ ಇರುವ ಎಂಜಿನ್ ಆದರೆ ಮತ್ತೆ ಗಾಳಿ ತುಂಬುತ್ತಿತ್ತು. ಕೆಟ್ಟ ಎಂಜಿನ್ ತುಂಬಲಾರದು. ಹಾಗಾಗಿ ನಿಂತ ಗಾಡಿಗೆ ಎಂಜಿನ್ನಿನ ಪಾರ್ಕಿಂಗ್ ಬ್ರೇಕು, ಗಾಡಿಯ ಕೊನೆಯಲ್ಲಿ ಗಾರ್ಡ್ ಕೂರುವ ಡಬ್ಬಿಯ ಹ್ಯಾಂಡ್‌ಬ್ರೇಕು, ಚಕ್ರಕ್ಕೆ ವೆಜ್ಜು ಹಾಕಿ ಭದ್ರ ಮಾಡುತ್ತಾರೆ.

ಹೊಸ ಎಂಜಿನ್ ಬಂದ ಮೇಲೆ ಇದನ್ನೆಲ್ಲ ಒಂದೊಂದಾಗಿ ಬಿಚ್ಚಬೇಕು. ಮೊದಲು ಕೊಂಡಿ ಸರಿಯಾಗಿ ಕೂತಿದೆಯಾ ಅಂತ ನೋಡಬೇಕು. ಆಮೇಲೆ ಒಬ್ಬರು ಎರಡು ಎಂಜಿನ್‌ಗಳ ನಡುವೆ ಬಗ್ಗಿ ಒಳಗೆ ಹೋಗಿ ಹಸಿರಿಗೆ ಹಸಿರು, ಬಿಳಿಗೆ ಬಿಳಿ ಹೋಸ್ ಸೇರಿಸುತ್ತಾರೆ. ಎರಡು ಕೈ ಕುಲುಕಿದ ಹಾಗೆ ಅವು ಒಂದರೊಳಗೊಂದು ಕಚ್ಚಿಕೊಳ್ಳುತ್ತವೆ. ಎರಡೂ ಕಡೆಯ ಕಾಕ್, ಅಂದರೆ ಪೈಪು ತೆರೆದು ಮುಚ್ಚುವ ಹಿಡಿಕೆ, ತಿರುಗಿಸಿದಾಗ ಭುಸ್ ಅಂತ ಗಾಳಿ ಹರಿಯುತ್ತದೆ. ಕೆಟ್ಟ ಎಂಜಿನ್ನಿನ ಬ್ರೇಕ್ ಹಿಡಿಕೆಯನ್ನು ಲೆಕ್ಕದಿಂದ ಹೊರಗಿಡಬೇಕು, ಯಾಕಂದರೆ ಲಗಾಮು ಒಬ್ಬರ ಕೈಯಲ್ಲೇ ಇರಬೇಕು. ಈಗಿನ ಎಲೆಕ್ಟ್ರಿಕ್ ಎಂಜಿನ್ನುಗಳ ಪಾರ್ಕಿಂಗ್ ಬ್ರೇಕು ಸ್ಪ್ರಿಂಗಿನದು, ಲಾರಿಯದ್ದೇ ಥರ. ಗಾಳಿ ಇಲ್ಲದಾಗ ಅದನ್ನು ಕೈಯಿಂದಲೇ ಬಿಡಿಸಬೇಕು. ಒಂದನ್ನು ಮರೆತರೂ ಆ ಚಕ್ರ ಉರುಳದೆ ಉಜ್ಜಿಕೊಂಡು ಹೋಗುತ್ತದೆ, ಕಾದು ಕೆಂಪಾಗುತ್ತದೆ.

ಖಾಲಿಯಾದ ಇಡೀ ಗಾಡಿಗೆ ಗಾಳಿ ತುಂಬಲು ಕೆಲವು ನಿಮಿಷ ಬೇಕೇ ಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟವಾದದ್ದು. ಪ್ರತಿ ಬೋಗಿಯ ವಾಲ್ವು ಹಳೇ ಎಂಜಿನ್ ಕೊಟ್ಟಿದ್ದ ಒತ್ತಡವನ್ನು ಒಂದು ಪುಟ್ಟ ಟ್ಯಾಂಕಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿರುತ್ತದೆ. ಪೈಪಿನ ಒತ್ತಡವನ್ನು ಅದಕ್ಕೆ ಹೋಲಿಸಿ ನೋಡಿ, ಬ್ರೇಕ್ ಹಿಡಿಯಬೇಕೋ ಬಿಡಬೇಕೋ ತೀರ್ಮಾನ ಮಾಡುತ್ತದೆ. ಹಳೇ ಎಂಜಿನ್ 5.2 ಕೊಟ್ಟಿತ್ತು, ಹೊಸದು ಸರಿಯಾಗಿ 5 ಕೊಟ್ಟಿತು ಅಂದುಕೊಳ್ಳಿ. “ಒತ್ತಡ ಇನ್ನೂ ಕಡಿಮೆ ಇದೆ” ಅಂತ ವಾಲ್ವು ತಿಳಿದು ಬ್ರೇಕ್ ಬಿಡುವುದೇ ಇಲ್ಲ. ಆಗ ಯಾರಾದರೂ ಗಾಡಿಯ ಉದ್ದಕ್ಕೂ ನಡೆದು, ಬೋಗಿ ಬೋಗಿಯ ಕೆಳಗೆ ಕೈ ಹಾಕಿ ಬಿಡುಗಡೆಯ ಹಿಡಿಕೆ ಎಳೆಯಬೇಕು. ಅವತ್ತು ಅಸಿಸ್ಟೆಂಟ್ ಹುಡುಗನೊಬ್ಬ ಬೆವರು ಒರೆಸಿಕೊಳ್ಳುತ್ತಾ ನಮ್ಮ ಕಿಟಕಿ ಕೆಳಗೆ ಬಗ್ಗಿದ್ದ. ಟುಸ್ಸ್ ಅಂತ ಸದ್ದು ಬಂತು. ಮುಂದಿನ ಬೋಗಿಗೆ ಹೋದ, ಮತ್ತೆ ಟುಸ್ಸ್. ಏನು ಮಾಡುತ್ತಿದ್ದಾನೆ ಅಂತ ನಮಗ್ಯಾರಿಗೂ ಗೊತ್ತಾಗಲಿಲ್ಲ.

ಎಲ್ಲಕ್ಕಿಂತ ಕೊನೆಗೆ, ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಗಾರ್ಡ್ ಡಬ್ಬಿಯಲ್ಲೂ ಒಂದು ಗೇಜ್ ಇರುತ್ತದೆ. ಎಂಜಿನ್ನಿನಲ್ಲಿ 5 ಇದ್ದರೆ ಗಾಡಿಯ ಕೊನೆಯಲ್ಲಿ ಕನಿಷ್ಠ 4.8 ಬರಬೇಕು. ಆಮೇಲೆ ಗಾರ್ಡ್ ತಮ್ಮ ಕಡೆಯಿಂದ ಗಾಳಿ ಸ್ವಲ್ಪ ಬಿಡುತ್ತಾರೆ. ಎಂಜಿನ್ನಿನ ಗೇಜಿನಲ್ಲಿ ಮುಳ್ಳು ಇಳಿದದ್ದು ಕಂಡರೆ ಪೈಪು ಕೊನೆಯ ತನಕ ತೆರೆದಿದೆ ಅಂತ ಅರ್ಥ. ನಡುವೆ ಎಲ್ಲೋ ಒಂದು ಕಾಕ್ ಮುಚ್ಚಿಕೊಂಡಿದ್ದರೆ ಅದರ ಹಿಂದಿನ ಬೋಗಿಗಳಿಗೆ ಲೋಕೊ ಪೈಲಟ್ ಹಿಡಿದ ಬ್ರೇಕ್ ಮುಟ್ಟುವುದೇ ಇಲ್ಲ. ಗಾಡಿ ಎಳೆದಾಗ ಏನೂ ಗೊತ್ತಾಗುವುದಿಲ್ಲ. ನಿಲ್ಲಿಸಲು ಹೋದಾಗ ಗೊತ್ತಾಗುತ್ತದೆ. ಅಜ್ಜಿ, ನೀವು ಕೇಳಿದಿರಲ್ಲ, ಎಂಜಿನ್ ಬಂದ ಮೇಲೂ ಯಾಕೆ ಬಿಡಲಿಲ್ಲ ಅಂತ, ಅದು ಇದಕ್ಕೇ.

ನಮಗೆ ಸಹಾಯ ಮುಂದಿನಿಂದ ಬಂತು. ಹಿಂದಿನಿಂದಲೂ ಬರಬಹುದು. ಆಗ ತಳ್ಳಬೇಕು. ತಳ್ಳುವ ಎಂಜಿನ್ನಿನವರಿಗೆ ಮುಂದಿನ ಹಳಿ ಕಾಣುವುದಿಲ್ಲ, ಆದ್ದರಿಂದ ಮುಂದೆ ಕೂತವರು ದಾರಿ ನೋಡಿ ವಾಕಿಟಾಕಿಯಲ್ಲಿ ಹೇಳುತ್ತಾ ಹೋಗಬೇಕು. ವೇಗ ಇನ್ನೂ ಕಡಿಮೆ. ಮೆಮುವಿನಂಥ ಗಾಡಿಗಳಿಗೆ ಬೇರೆ ಎಂಜಿನ್ ಇರುವುದಿಲ್ಲ, ಮೋಟಾರು ಬೋಗಿಗಳಲ್ಲೇ ಇರುತ್ತದೆ. ಒಂದು ಮೋಟಾರು ಬೋಗಿ ಕೈಕೊಟ್ಟರೆ ಸಾಮಾನ್ಯವಾಗಿ ಉಳಿದವು ಹೇಗೋ ಎಳೆದುಕೊಂಡು ಹೋಗುತ್ತವೆ. ಪೂರ್ತಿ ನಿಂತರೆ ಮಾತ್ರ ಕೊಂಡಿ ಹೊಂದಿಸುವುದೇ ಒಂದು ಕೆಲಸ ಆಗಬಹುದು.

ಒಂದು ಮಾತು ಬೇಡಿಕೊಂಡು ಹೇಳುತ್ತೇನೆ. ಗಾಡಿ ಹೀಗೆ ನಿಂತಾಗ ದಯವಿಟ್ಟು ಪಕ್ಕದ ಹಳಿ ಕಡೆ ಇಳಿಯಬೇಡಿ. ಅವತ್ತು ಹುಡುಗರು ಇಳಿದು ಸೆಲ್ಫಿ ತೆಗೆಯುತ್ತಿದ್ದರು. ಡಬಲ್ ಲೈನಿನಲ್ಲಿ ನಮ್ಮ ಹಳಿ ನಿಂತಿರುತ್ತೆ, ಪಕ್ಕದ್ದು ನಡೆಯುತ್ತಲೇ ಇರುತ್ತೆ. ಎಲೆಕ್ಟ್ರಿಕ್ ಗಾಡಿ ಹತ್ತಿರ ಬರುವ ತನಕ ಸದ್ದೇ ಕೇಳುವುದಿಲ್ಲ.

ಕೊನೆಗೂ ಗಾಡಿ ಹೊರಟಿತು. ತೋಳಹುಣಸೆಯಲ್ಲಿ ಹುಡುಗರು ಇಳಿದು ಓಡಿದರು. ದಾವಣಗೆರೆಯಲ್ಲಿ ಅಜ್ಜಿಯನ್ನು ಆಟೋ ಹತ್ತಿಸಿ, ಮರೆತುಬಂದಿದ್ದ ಅವರ ಚೀಲಕ್ಕಾಗಿ ಮತ್ತೆ ಪ್ಲಾಟ್‌ಫಾರ್ಮಿಗೆ ಹೋದೆ. ಅಷ್ಟರಲ್ಲಿ ಕೆಟ್ಟ ಎಂಜಿನ್ನನ್ನು ಬಿಚ್ಚಿ ಆಚೆ ಹಳಿಯಲ್ಲಿ ನಿಲ್ಲಿಸಿದ್ದರು. ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ ಪಾಯಿಂಟ್ಸ್‌ಮನ್ ಒಬ್ಬರು ಚಕ್ರದ ಕೆಳಗೆ ಮರದ ವೆಜ್ ಇಟ್ಟು, ಕಾಲಿನಿಂದ ಎರಡು ಸಲ ಒದ್ದು, ಗಟ್ಟಿಯಾಗಿದೆಯಾ ಅಂತ ನೋಡುತ್ತಿದ್ದರು.